‘ಹೋಗಿದ್ದೆ’ ಎಂಬುದೆಲ್ಲ ‘ಹ್ಯಾಡ್ ಗಾನ್’ ಅಲ್ಲ: ಪಾಸ್ಟ್ ಪರ್ಫೆಕ್ಟ್ ದೋಷ ನಿವಾರಣೆ ಕೈಪಿಡಿ

ಹೊಸನಗರದ ಕಡೆಯ ಹುಡುಗನೊಬ್ಬ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದಾನೆ. ವಾರಕ್ಕೆರಡು ಸಂಜೆ ಇಂಗ್ಲಿಷ್ ಬರವಣಿಗೆ ತಿದ್ದಿಸಿಕೊಳ್ಳಲು ನನ್ನ ಬಳಿ ಬರುತ್ತಾನೆ. ಕಳೆದ ಮಳೆಗಾಲದಲ್ಲಿ ಊರಿಗೆ ಹೋದವನು ಒಂದು ದಿನ ತಡವಾಗಿ ಕೆಲಸಕ್ಕೆ ಮರಳಿ, ಮೇಲಧಿಕಾರಿಗೆ ಕೊಡಬೇಕಾದ ವಿವರಣೆಯನ್ನು ಬರೆದು ನನ್ನ ಮುಂದಿಟ್ಟ. ಪಾಸ್ಟ್ ಪರ್ಫೆಕ್ಟ್ ಎಂಬ, ‘ಹ್ಯಾಡ್’ ಸೇರಿಸಿ ಹೇಳುವ ಕಾಲರೂಪದಲ್ಲಿ ಕನ್ನಡಿಗರಾದ ನಾವು ಮಾಡುವ ತಪ್ಪುಗಳಲ್ಲಿ ಮುಖ್ಯವಾದವು ಆ ಐದು ವಾಕ್ಯಗಳಲ್ಲೇ ಸಿಕ್ಕಿದ್ದರಿಂದ, ಅದನ್ನೇ ಇಟ್ಟುಕೊಂಡು ದೋಷ ಹುಡುಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಪತ್ರ ಹೀಗಿತ್ತು:

‘ಐ ಹ್ಯಾಡ್ ಗಾನ್ ಟು ಮೈ ವಿಲೇಜ್ ಆನ್ ಸ್ಯಾಟರ್ಡೇ. ಇಟ್ ವಾಸ್ ರೇನಿಂಗ್ ಸಿನ್ಸ್ ತ್ರೀ ಡೇಸ್. ವೆನ್ ಐ ರೀಚ್ಡ್, ಎ ಟ್ರೀ ಹ್ಯಾಡ್ ಫಾಲನ್ ಆನ್ ದ ಲೈನ್ ಅಂಡ್ ದೇರ್ ವಾಸ್ ನೋ ಕರೆಂಟ್. ಇಫ್ ದ ನೆಟ್‌ವರ್ಕ್ ವುಡ್ ಹ್ಯಾವ್ ಬೀನ್ ದೇರ್, ಐ ವಾಸ್ ಸೆಂಡಿಂಗ್ ಎ ಮೆಸೇಜ್. ಐ ಹ್ಯಾಡ್ ಕಾಲ್ಡ್ ಯು ಫ್ರಮ್ ಹೊಸನಗರ ಆನ್ ಮಂಡೇ.’

ಮೂರು ಕಡೆ ‘ಹ್ಯಾಡ್’ ಇದೆ. ಮೂರರಲ್ಲಿ ಒಂದು ಮಾತ್ರ ತನ್ನ ಜಾಗದಲ್ಲಿದೆ, ಎರಡು ಬೇಡದ ಕಡೆ ಕುಳಿತಿವೆ, ಬೇಕಾಗಿದ್ದ ಎರಡು ಕಡೆ ಅದು ಇಲ್ಲವೇ ಇಲ್ಲ. ಯಾವುದು ಯಾವುದೆಂದು ಗುರುತಿಸುವ ಮೊದಲು, ದೋಷ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು. ಮೂಲ ತಿಳಿಯದೆ ತಿದ್ದಿದರೆ ಅದೇ ತಪ್ಪು ಮುಂದಿನ ಪತ್ರದಲ್ಲಿ ಮತ್ತೆ ಬರುತ್ತದೆ.

ದೋಷದ ಮೂಲ

‘ಹೋಗಿದ್ದೆ ಅಂದ್ರೆ ಹ್ಯಾಡ್ ಗಾನ್ ಅಲ್ವಾ ಸಾರ್?’ ಎಂದು ಹುಡುಗ ಕೇಳಿದ. ಅವನ ತಪ್ಪಲ್ಲ. ಹೋದೆ ಎಂದರೆ ‘ವೆಂಟ್’, ಹೋಗಿದ್ದೇನೆ ಎಂದರೆ ‘ಹ್ಯಾವ್ ಗಾನ್’, ಹೋಗಿದ್ದೆ ಎಂದರೆ ‘ಹ್ಯಾಡ್ ಗಾನ್’ ಎಂದು ಕೋಷ್ಟಕ ಹಾಕಿಕೊಂಡು ನಾವೆಲ್ಲ ಉರು ಹೊಡೆದವರೇ. ಆ ಕೋಷ್ಟಕ ಸುಳ್ಳಲ್ಲ; ಅರ್ಧ ಮಾತ್ರ ನಿಜ. ಕನ್ನಡದ ‘ಇದ್ದೆ, ಇದ್ದ, ಇತ್ತು’ ಎಂಬ ಬಾಲ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಇಂಗ್ಲಿಷಿನ ‘ಹ್ಯಾಡ್’ ಅವುಗಳಲ್ಲಿ ಒಂದನ್ನಷ್ಟೇ ಮಾಡುತ್ತದೆ.

ಮೊದಲನೆಯ ಕೆಲಸ ನಮ್ಮ ಮನೆಗಳಲ್ಲಿ ದಿನಾ ಕಾಣುವಂಥದು. ತೋಟದಿಂದ ಬಂದವರಿಗೆ ಮನೆಯವರು ‘ಮಾವ ಬಂದಿದ್ದಾರೆ’ ಎಂದರೆ, ಅವರು ಕೈಕಾಲು ತೊಳೆದು ನೇರ ಜಗಲಿಗೆ ಹೋಗಿ ಮಾತಾಡಿಸುತ್ತಾರೆ. ‘ಮಾವ ಬಂದಿದ್ದರು’ ಎಂದರೆ ಜಗಲಿಯತ್ತ ಯಾರೂ ನೋಡುವುದಿಲ್ಲ, ‘ಏನು ವಿಷಯವಂತೆ?’ ಎಂದು ಕೇಳುತ್ತಾರೆ. ಬಂದವರು ಹೊರಟುಹೋಗಿದ್ದಾರೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ‘ದ್ದರು’ ಎಂಬ ತುದಿಯೇ ಅದನ್ನು ಹೇಳಿತು. ನಡೆದ ಕೆಲಸದ ಫಲ ಈಗ ಉಳಿದಿಲ್ಲ, ಹೋದವನು ಮರಳಿದ್ದಾನೆ, ಬಂದವನು ಹೋಗಿದ್ದಾನೆ ಎಂದು ತಿಳಿಸುವುದು ಕನ್ನಡದ ಈ ರೂಪದ ಒಂದು ಕೆಲಸ. ‘ನಿನ್ನೆ ತೀರ್ಥಹಳ್ಳಿಗೆ ಹೋಗಿದ್ದೆ’ ಎಂಬುದರ ತಿರುಳೂ ‘ಹೋಗಿ ಬಂದೆ’ ಎಂಬುದೇ.

ಇಂಗ್ಲಿಷಿನ ‘ಹ್ಯಾಡ್’ಗೆ ಈ ಕೆಲಸ ಗೊತ್ತಿಲ್ಲ. ‘ಯುವರ್ ಅಂಕಲ್ ಹ್ಯಾಡ್ ಕಮ್’ ಎಂದರೆ ಇಂಗ್ಲಿಷ್ ಬಲ್ಲ ಕೇಳುಗ ಮುಂದಿನ ವಾಕ್ಯಕ್ಕಾಗಿ ಕಾಯುತ್ತಾನೆ. ಅವರು ಬಂದಾಗಿತ್ತು, ಸರಿ, ಏನಾಗುವಷ್ಟರಲ್ಲಿ? ಉತ್ತರ ಬರದಿದ್ದರೆ ವಾಕ್ಯ ಅರ್ಧಕ್ಕೆ ನಿಂತಂತೆ. ನಮ್ಮ ಅರ್ಥ ಅಲ್ಲಿಗೆ ಮುಟ್ಟಬೇಕಾದರೆ ‘ಯುವರ್ ಅಂಕಲ್ ಕೇಮ್ ದಿಸ್ ಮಾರ್ನಿಂಗ್’ ಎಂದೋ, ‘ಯುವರ್ ಅಂಕಲ್ ವಾಸ್ ಹಿಯರ್’ ಎಂದೋ ಸಾದಾ ಭೂತಕಾಲದಲ್ಲಿ ಹೇಳಬೇಕು.

ಎರಡನೆಯ ಕೆಲಸದಲ್ಲಿ ಎರಡು ಭಾಷೆಗಳೂ ಸರಿಸಮ ನಡೆಯುತ್ತವೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿದೆ ಎಂದುಕೊಳ್ಳಿ. ‘ಮಳೆ ಬಂದಾಗ ಅಡಿಕೆ ಮುಚ್ಚಿದೆವು’ ಎಂದರೆ ಹನಿ ಬಿದ್ದ ಮೇಲೆ ಟಾರ್ಪಾಲು ಹಿಡಿದು ಓಡಿದ್ದೇವೆ. ಒಂದಷ್ಟು ಅಡಿಕೆ ನೆನೆದಿರಲೇಬೇಕು. ‘ಮಳೆ ಬಂದಾಗ ಅಡಿಕೆ ಮುಚ್ಚಿದ್ದೆವು’ ಎಂದರೆ ಮೋಡ ನೋಡಿಯೇ ಕೆಲಸ ಮುಗಿಸಿ ಜಗಲಿಯಲ್ಲಿ ಕುಳಿತಿದ್ದೇವೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ವೆನ್ ದ ರೇನ್ ಕೇಮ್, ವಿ ಕವರ್ಡ್ ದ ಅರೆಕಾನಟ್’, ಎರಡನೆಯದು ‘ವೆನ್ ದ ರೇನ್ ಕೇಮ್, ವಿ ಹ್ಯಾಡ್ ಕವರ್ಡ್ ದ ಅರೆಕಾನಟ್’. ಒಂದು ‘ಹ್ಯಾಡ್’ ಇದ್ದು ಇಲ್ಲದ್ದರಲ್ಲಿ ಅಡಿಕೆ ಒಣಗಿದೆಯೋ ನೆನೆದಿದೆಯೋ ಎಂಬುದು ತೀರ್ಮಾನವಾಗುತ್ತದೆ.

ಇದರ ಒಳಗಿನ ಲೆಕ್ಕವನ್ನು ತತ್ತ್ವಶಾಸ್ತ್ರಜ್ಞ ಹಾನ್ಸ್ ರೈಶೆನ್‌ಬಾಖ್ 1947ರಲ್ಲಿ ಮೂರು ಬಿಂದುಗಳಾಗಿ ಬಿಡಿಸಿ ತೋರಿಸಿದರು: ಕೆಲಸ ನಡೆದ ಹೊತ್ತು, ನಾವು ನಿಂತು ನೋಡುವ ಹೊತ್ತು, ಮಾತಾಡುವ ಹೊತ್ತು. ಸಾದಾ ಭೂತಕಾಲದಲ್ಲಿ ಮೊದಲ ಎರಡು ಬಿಂದುಗಳು ಒಂದರ ಮೇಲೊಂದು ಕೂತಿರುತ್ತವೆ. ಪಾಸ್ಟ್ ಪರ್ಫೆಕ್ಟ್‌ನಲ್ಲಿ ಮೂರೂ ಬೇರೆ ಬೇರೆ: ಅಡಿಕೆ ಮುಚ್ಚಿದ್ದು ಮೊದಲು, ಮಳೆ ಬಂದದ್ದು ಅದರ ನಂತರ, ನಾವು ಈ ಕಥೆ ಹೇಳುತ್ತಿರುವುದು ಈಗ. ನಡುವಿನ ಬಿಂದು ಇಲ್ಲದೆ ‘ಹ್ಯಾಡ್’ ನಿಲ್ಲಲಾರದು. ನಮ್ಮವರ ಬರವಣಿಗೆಯಲ್ಲಿ ಹತ್ತಕ್ಕೆ ಏಳೆಂಟು ಸಲ ಕಾಣೆಯಾಗಿರುವುದು ಈ ನಡುವಿನ ಬಿಂದುವೇ ಎಂಬುದು, ಇಷ್ಟು ವರ್ಷ ಕಾಗದ ತಿದ್ದಿದ ನನ್ನ ಅಂದಾಜು.

ಪರೀಕ್ಷೆ

ಅನುಮಾನ ಬಂದ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಅದರೊಳಗೆ ‘ಅಷ್ಟೊತ್ತಿಗಾಗಲೇ’ ಎಂಬ ಮಾತನ್ನು ಸೇರಿಸಿ ನೋಡಬೇಕು. ‘ಮಳೆ ಬಂತು, ಅಷ್ಟೊತ್ತಿಗಾಗಲೇ ಅಡಿಕೆ ಮುಚ್ಚಿದ್ದೆವು.’ ಮಾತು ಸಲೀಸಾಗಿ ಕೂಡಿತು, ‘ಹ್ಯಾಡ್’ ಬೇಕು. ಈಗ ಪತ್ರದ ಮೊದಲ ವಾಕ್ಯ: ‘ಶನಿವಾರ ಅಷ್ಟೊತ್ತಿಗಾಗಲೇ ಊರಿಗೆ ಹೋಗಿದ್ದೆ.’ ಎಷ್ಟೊತ್ತಿಗೆ ಎಂದು ನಾವೇ ಕೇಳಿಕೊಳ್ಳುವಂತಾಗುತ್ತದೆ; ಉತ್ತರ ಪತ್ರದಲ್ಲಿ ಎಲ್ಲೂ ಇಲ್ಲ. ಇದು ‘ಹೋಗಿ ಬಂದೆ’ ಎಂಬ ಅರ್ಥದ ಹೋಗಿದ್ದೆ. ಆದ್ದರಿಂದ ‘ಐ ವೆಂಟ್ ಟು ಮೈ ವಿಲೇಜ್ ಆನ್ ಸ್ಯಾಟರ್ಡೇ.’ ಕೊನೆಯ ವಾಕ್ಯವೂ ಇದೇ ಪರೀಕ್ಷೆಯಲ್ಲಿ ಸೋಲುತ್ತದೆ, ‘ಐ ಕಾಲ್ಡ್ ಯು’ ಎಂದಾಗುತ್ತದೆ.

ಕೊನೆಯ ವಾಕ್ಯದ ತಪ್ಪು ಸಣ್ಣದೆಂದು ತೋರಬಹುದು. ನನಗೆ ಅದು ಸಣ್ಣದಾಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಒಂದು ಕಚೇರಿಗೆ ದಾಖಲೆಗಳನ್ನು ಮೇಲ್ ಮಾಡಿ, ವಾರ ಕಳೆದರೂ ಉತ್ತರ ಬರದಿದ್ದಾಗ ‘ಐ ಹ್ಯಾಡ್ ಸೆಂಟ್ ದ ಡಾಕ್ಯುಮೆಂಟ್ಸ್ ಆನ್ ಮಂಡೇ’ ಎಂದು ಬರೆದೆ. ಆ ಕಡೆಯಲ್ಲಿದ್ದವರು ನಾನು ಕಳಿಸಿ ಆಮೇಲೆ ಹಿಂದಕ್ಕೆ ಪಡೆದಿದ್ದೇನೆ, ಬದಲಿಗೆ ಬೇರೆ ದಾಖಲೆ ಬರಲಿದೆ ಎಂದು ತಿಳಿದು ಕಡತವನ್ನು ಹಾಗೇ ಪಕ್ಕಕ್ಕಿಟ್ಟುಕೊಂಡಿದ್ದರು. ಸೋಮವಾರ ಕಳಿಸಿದ್ದು ಸೋಮವಾರವೇ ಮುಗಿದ ಮಾತು. ದಿನ, ತಾರೀಖು, ಗಂಟೆ ಕೊಟ್ಟು ‘ಆ ಹೊತ್ತಿನಲ್ಲಿ ಇದು ನಡೆಯಿತು’ ಎಂದಷ್ಟೇ ಹೇಳುವಲ್ಲಿ ಸಾದಾ ಭೂತಕಾಲ ಸಾಕು. ಆದರೆ ‘ಆ ಹೊತ್ತಿನಷ್ಟಕ್ಕೆ’ ಎಂಬ ಅರ್ಥದಲ್ಲಿ ತಾರೀಖು ಬಂದರೆ ಅದೇ ನಡುವಿನ ಬಿಂದುವಾಗುತ್ತದೆ: ‘ಬೈ ಮಂಡೇ ಐ ಹ್ಯಾಡ್ ಸೆಂಟ್ ಆಲ್ ದ ಡಾಕ್ಯುಮೆಂಟ್ಸ್’ ಎಂಬುದು ತಪ್ಪಲ್ಲ. ‘ಆನ್’ ಮತ್ತು ‘ಬೈ’ ಎಂಬ ಎರಡು ಪುಟ್ಟ ಪದಗಳನ್ನು ಗಮನಿಸುವ ಅಭ್ಯಾಸವಾದರೆ ಅರ್ಧ ತೊಂದರೆ ಅಲ್ಲಿಗೇ ಕಳೆಯುತ್ತದೆ.

ಮರ ಬಿದ್ದ ವಾಕ್ಯದಲ್ಲಿ ಮಾತ್ರ ವ್ಯಾಕರಣದಿಂದ ಏನೂ ತೀರ್ಮಾನಿಸುವಂತಿರಲಿಲ್ಲ, ಹುಡುಗನನ್ನೇ ಕೇಳಬೇಕಾಯಿತು. ‘ನೀನು ಊರು ಮುಟ್ಟಿದ ಮೇಲೆ ಮರ ಬಿತ್ತೋ, ಮೊದಲೇ ಬಿದ್ದಿತ್ತೋ?’ ‘ನಾನು ಬಸ್ಸಿಳಿಯೋ ಹೊತ್ತಿಗೇ ಬಿದ್ದಿತ್ತು ಸಾರ್, ಲೈನ್‌ಮನ್ ಬಂದು ನೋಡ್ಕೊಂಡು ನಿಂತಿದ್ದ.’ ಹಾಗಿದ್ದರೆ ‘ಹ್ಯಾಡ್ ಫಾಲನ್’ ಸರಿಯಾಗಿಯೇ ಇದೆ. ಅದೇ ರಾತ್ರಿ, ಅವನು ಮನೆಯಲ್ಲಿದ್ದಾಗ ಬಿದ್ದಿದ್ದರೆ ‘ಫೆಲ್’ ಎಂದು ತಿದ್ದಬೇಕಾಗುತ್ತಿತ್ತು. ಬರೆದವನಿಗಷ್ಟೇ ಗೊತ್ತಿರುವ ಸಂಗತಿಯನ್ನು ಕೇಳದೆ ‘ಹ್ಯಾಡ್’ ಹೊಡೆದುಹಾಕುವ ಮೇಷ್ಟ್ರುಗಳನ್ನು ಕಂಡಿದ್ದೇನೆ. ಅದು ತಿದ್ದುವುದಲ್ಲ, ಘಟನೆಯನ್ನೇ ಬದಲಿಸುವುದು.

ಎರಡು ಘಟನೆಯ ಸೂತ್ರ ಎಲ್ಲಿ ಕೈಕೊಡುತ್ತದೆ

‘ಎರಡು ಹಳೆಯ ಘಟನೆಗಳಿದ್ದರೆ ಮೊದಲು ನಡೆದದ್ದಕ್ಕೆ ಹ್ಯಾಡ್ ಹಾಕು’ ಎಂಬ ಸೂತ್ರವನ್ನು ಕಲಿತವರು ಇನ್ನೊಂದು ಬಗೆಯಲ್ಲಿ ಎಡವುತ್ತಾರೆ. ‘ಶಾಲೆಯಲ್ಲಿದ್ದಾಗ ಜೋಗ ನೋಡಿದ್ದೆ’ ಎಂಬುದನ್ನು ‘ಐ ಹ್ಯಾಡ್ ಸೀನ್ ಜೋಗ್ ವೆನ್ ಐ ವಾಸ್ ಇನ್ ಸ್ಕೂಲ್’ ಎಂದು ಬರೆಯುವುದು ಇದರ ಮಾದರಿ. ಇಲ್ಲಿ ಎರಡು ಸಂಗತಿಗಳಿವೆ ನಿಜ, ಆದರೆ ಅವು ಒಂದೇ ಹೊತ್ತಿನವು. ಶಾಲೆಯಲ್ಲಿದ್ದ ಕಾಲದೊಳಗೇ ಜೋಗ ನೋಡಿದ್ದಾಗಿದೆ. ‘ಐ ಸಾ ಜೋಗ್ ವೆನ್ ಐ ವಾಸ್ ಇನ್ ಸ್ಕೂಲ್’ ಎಂದರೆ ಸಾಕು.

ಒಂದರ ನಂತರ ಒಂದು ನಡೆದಿದ್ದರೂ ಪ್ರತಿ ಸಲ ‘ಹ್ಯಾಡ್’ ಬೇಕಿಲ್ಲ. ನಡೆದ ಕ್ರಮದಲ್ಲೇ ಹೇಳುತ್ತ ಹೋದರೆ ಸಾದಾ ಭೂತಕಾಲ ಸಾಕು. ಶರಾವತಿಯ ಮೇಲೆ ಹಿರೇಭಾಸ್ಕರ ಅಣೆಕಟ್ಟು 1948ರಲ್ಲಿ ಮುಗಿಯಿತು, ಲಿಂಗನಮಕ್ಕಿ 1964ರಲ್ಲಿ ಮುಗಿಯಿತು, ಹಳೆಯ ಅಣೆಕಟ್ಟು ಹೊಸದರ ಹಿನ್ನೀರಿನಲ್ಲಿ ಮುಳುಗಿತು ಎಂದು ಸಾಲಾಗಿ ಹೇಳುವಾಗ ಇಂಗ್ಲಿಷಿನಲ್ಲಿ ಒಂದೂ ‘ಹ್ಯಾಡ್’ ಬೇಡ. ಲಿಂಗನಮಕ್ಕಿಯಿಂದ ಶುರುಮಾಡಿ ಹಿಂದಕ್ಕೆ ಹೊರಳಿದಾಗ ಅದು ಬೇಕಾಗುತ್ತದೆ: ‘ಲಿಂಗನಮಕ್ಕಿ ವಾಸ್ ಕಂಪ್ಲೀಟೆಡ್ ಇನ್ 1964. ಇಟ್ಸ್ ವಾಟರ್ಸ್ ಕವರ್ಡ್ ಎ ಡ್ಯಾಮ್ ದಟ್ ಹ್ಯಾಡ್ ಬೀನ್ ಬಿಲ್ಟ್ ಸಮ್ ಸಿಕ್ಸ್‌ಟೀನ್ ಇಯರ್ಸ್ ಅರ್ಲಿಯರ್.’ ಘಟನೆಗಳ ಎಣಿಕೆಗಿಂತ, ಕಥೆ ಹಿಂದಕ್ಕೆ ತಿರುಗಿತೇ ಎಂದು ನೋಡುವುದು ಹೆಚ್ಚು ನಂಬಬಹುದಾದ ಗುರುತು. ಕೆಲಸ ನಡೆಸಿದವರ ಹೆಸರಿಲ್ಲದ ಇಂಥ ವಾಕ್ಯಗಳಲ್ಲಿ ‘ಹ್ಯಾಡ್’ನ ಬೆನ್ನಿಗೆ ‘ಬೀನ್’ ಬರುತ್ತದೆ ಎಂಬುದನ್ನೂ ಜೊತೆಗೇ ಗಮನಿಸಬೇಕು.

‘ಬಿಫೋರ್’, ‘ಆಫ್ಟರ್’ ಇರುವಲ್ಲಿ ಮೊದಲು ಯಾವುದು, ನಂತರ ಯಾವುದು ಎಂಬುದನ್ನು ಆ ಪದಗಳೇ ಹೇಳಿಬಿಡುವುದರಿಂದ ‘ಹ್ಯಾಡ್’ ಇದ್ದರೂ ಸರಿ, ಇಲ್ಲದಿದ್ದರೂ ಸರಿ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆಯುವ ಮೊದಲು ಜನ ಲಾಂಚ್‌ನಲ್ಲಿ ದಾಟುತ್ತಿದ್ದರು ಎಂಬುದಕ್ಕೆ ‘ಬಿಫೋರ್ ದ ಬ್ರಿಡ್ಜ್ ಓಪನ್ಡ್, ಪೀಪಲ್ ಕ್ರಾಸ್ಡ್ ಬೈ ಲಾಂಚ್’ ಎಂದು ಬರೆದವರಿಗೆ ಅಂಕ ಕಳೆಯಬಾರದು.

ಹಿಂದಕ್ಕೆ ಹೊರಳಿದ ಕಥೆ ಉದ್ದವಾದರೆ ಇನ್ನೊಂದು ತೊಂದರೆ. ಅಜ್ಜನ ಕಾಲದ ಸಂಗತಿ ಹೇಳಲು ಹೊರಟವರು ಪ್ರತಿ ವಾಕ್ಯಕ್ಕೂ ‘ಹ್ಯಾಡ್’ ಸುರಿಯುತ್ತಾರೆ. ಹಿಂದಕ್ಕೆ ಕರೆದೊಯ್ಯುವ ಮೊದಲ ಒಂದೆರಡು ವಾಕ್ಯಗಳಲ್ಲಿ ಅದನ್ನು ಬಳಸಿ, ಓದುಗ ಆ ಕಾಲದಲ್ಲಿ ಕಾಲೂರಿದ ಮೇಲೆ ಸಾದಾ ಭೂತಕಾಲಕ್ಕೆ ಇಳಿಯುವುದು ಬಲ್ಲವರ ರೂಢಿ.

ಬೇಕಾದಲ್ಲಿ ಬಾರದ ಹ್ಯಾಡ್

ಪತ್ರದ ಎರಡನೆಯ ವಾಕ್ಯದ ದೋಷ ತದ್ವಿರುದ್ಧ ಬಗೆಯದು. ‘ಮೂರು ದಿನದಿಂದ ಮಳೆ ಬರುತ್ತಿತ್ತು’ ಎಂಬ ಕನ್ನಡದಲ್ಲಿ ‘ಬಂದಿತ್ತು’ ಎಂಬ ರೂಪ ಕಾಣುವುದಿಲ್ಲವಾದ್ದರಿಂದ ‘ಹ್ಯಾಡ್’ ನೆನಪಾಗುವುದೇ ಇಲ್ಲ. ಆದರೆ ಅರ್ಥ ನೋಡಿ: ಹುಡುಗ ಊರು ಮುಟ್ಟಿದ ಹೊತ್ತಿಗೆ ಮಳೆ ಹಿಡಿದು ಮೂರು ದಿನವಾಗಿತ್ತು, ಇನ್ನೂ ಬಿಟ್ಟಿರಲಿಲ್ಲ. ಒಂದು ಹೊತ್ತಿನಲ್ಲಿ ನಿಂತು, ಅಲ್ಲಿಯವರೆಗೆ ಎಷ್ಟು ಕಾಲದಿಂದ ನಡೆಯುತ್ತಿತ್ತು ಎಂದು ಅಳೆಯುವ ವಾಕ್ಯಕ್ಕೆ ಇಂಗ್ಲಿಷ್ ‘ಹ್ಯಾಡ್ ಬೀನ್’ ಕೇಳುತ್ತದೆ: ‘ಇಟ್ ಹ್ಯಾಡ್ ಬೀನ್ ರೇನಿಂಗ್ ಫಾರ್ ತ್ರೀ ಡೇಸ್.’ ‘ಸಿನ್ಸ್’ ಕೂಡ ಇಲ್ಲಿ ತಪ್ಪು. ನಮ್ಮ ‘ಇಂದ’ ಎಂಬ ಪ್ರತ್ಯಯ ‘ಶುಕ್ರವಾರದಿಂದ’ ಎಂಬಲ್ಲೂ ‘ಮೂರು ದಿನದಿಂದ’ ಎಂಬಲ್ಲೂ ಒಂದೇ. ಇಂಗ್ಲಿಷ್ ಶುರುವಾದ ಬಿಂದುವಿಗೆ ‘ಸಿನ್ಸ್’, ಅವಧಿಯ ಉದ್ದಕ್ಕೆ ‘ಫಾರ್’ ಎಂದು ಬೇರೆ ಮಾಡುತ್ತದೆ. ‘ಇಂದ’ದ ಹಿಂದೆ ಎಣಿಕೆ ಇದ್ದು, ಕ್ರಿಯಾಪದ ‘ಉತ್ತಿತ್ತು’ ಎಂದು ಮುಗಿದರೆ ಅಲ್ಲಿ ನಿಂತು ಒಮ್ಮೆ ಪರೀಕ್ಷಿಸಬೇಕು.

ಬೇರೆಯವರ ಮಾತನ್ನು ವರದಿ ಮಾಡುವಾಗಲೂ ಹೀಗೇ ಬಿಟ್ಟುಹೋಗುತ್ತದೆ. ‘ದುಡ್ಡು ಕಟ್ಟಿದ್ದೇನೆ ಅಂತ ಹೇಳಿದ’ ಎನ್ನುವಾಗ ‘ಅಂತ’ ಎಂಬ ಕೊಂಡಿ ಆಡಿದವನ ಮಾತನ್ನು ಮುಟ್ಟದೆ ಹಾಗೇ ಎತ್ತಿಡುತ್ತದೆ. ಅದರ ನೆರಳಿನಲ್ಲಿ ಹುಟ್ಟುವುದು ‘ಹಿ ಟೋಲ್ಡ್ ದಟ್ ಐ ಹ್ಯಾವ್ ಪೇಯ್ಡ್ ದ ಮನಿ’. ದುಡ್ಡು ಕಟ್ಟಿದ್ದು ಅವನೋ ನಾನೋ ಎಂಬುದೇ ತಿಳಿಯದ ವಾಕ್ಯ! ‘ಹಿ ಸೆಡ್ ದಟ್ ಹಿ ಹ್ಯಾಡ್ ಪೇಯ್ಡ್ ದ ಮನಿ’ ಎಂದು ಸರ್ವನಾಮ, ಕಾಲ ಎರಡನ್ನೂ ಬದಲಿಸಬೇಕು.

‘ಇದ್ದರೆ’ ವಾಕ್ಯದ ದುರಸ್ತಿ

ನಾಲ್ಕನೆಯ ವಾಕ್ಯದ ವಿಚಿತ್ರವೆಂದರೆ, ಕನ್ನಡವನ್ನೇ ಹಿಡಿದು ನಡೆದಿದ್ದರೆ ಅದರ ಮೊದಲರ್ಧ ಸರಿಯಾಗಿ ಬರುತ್ತಿತ್ತು. ‘ಮಳೆ ಬಂದಿದ್ದರೆ’, ‘ಅವನು ಹೇಳಿದ್ದರೆ’ ಎಂಬ ನಡೆಯದ ಸಂಗತಿಗಳಲ್ಲಿ ನಮ್ಮ ‘ಇದ್ದರೆ’ಗೂ ಇಂಗ್ಲಿಷಿನ ‘ಇಫ್… ಹ್ಯಾಡ್’ಗೂ ಚೆನ್ನಾಗಿ ಹೊಂದುತ್ತದೆ. ‘ಇಫ್ ಹಿ ಹ್ಯಾಡ್ ಟೋಲ್ಡ್ ಮಿ’ ಎಂದರೆ ‘ಅವನು ಹೇಳಿದ್ದರೆ’. ಆದರೂ ‘ಇಫ್’ ಭಾಗದಲ್ಲಿ ‘ವುಡ್ ಹ್ಯಾವ್’ ನುಗ್ಗಿಬಿಡುತ್ತದೆ. ‘ವುಡ್’ನ ಜಾಗ ಎರಡನೆಯ ಅರ್ಧದಲ್ಲಿ ಮಾತ್ರ.

ಎರಡನೆಯ ಅರ್ಧದಲ್ಲಿ ಕನ್ನಡ ನಮ್ಮನ್ನು ನಿಜವಾಗಿಯೂ ದಾರಿ ತಪ್ಪಿಸುತ್ತದೆ. ‘ಮೆಸೇಜ್ ಕಳಿಸುತ್ತಿದ್ದೆ’ ಎಂಬ ಒಂದೇ ರೂಪ, ಕಳಿಸುವ ಕೆಲಸ ನಡೆದಿತ್ತು ಎಂಬುದಕ್ಕೂ ನೆಟ್‌ವರ್ಕ್ ಇದ್ದಿದ್ದರೆ ಕಳಿಸಬಹುದಾಗಿತ್ತು ಎಂಬುದಕ್ಕೂ ಒದಗುತ್ತದೆ. ಕನ್ನಡದ ಕಿವಿಗೆ ಎರಡೂ ಸ್ಪಷ್ಟ. ಅದನ್ನು ‘ಐ ವಾಸ್ ಸೆಂಡಿಂಗ್’ ಎಂದು ಎತ್ತಿಟ್ಟಾಗ, ಕಳಿಸದೇ ಇದ್ದವನು ಕಳಿಸುತ್ತ ಕುಳಿತಿದ್ದ ಎಂದಾಯಿತು. ‘ಇಫ್ ದೇರ್ ಹ್ಯಾಡ್ ಬೀನ್ ನೆಟ್‌ವರ್ಕ್, ಐ ವುಡ್ ಹ್ಯಾವ್ ಸೆಂಟ್ ಎ ಮೆಸೇಜ್’ ಎಂಬುದು ತಿದ್ದಿದ ರೂಪ. ‘ಓದಿದ್ದರೆ ಚೆನ್ನಾಗಿತ್ತು’ ಎಂದು ಹಳಹಳಿಸುವ ‘ಐ ವಿಶ್ ಐ ಹ್ಯಾಡ್ ಸ್ಟಡೀಡ್’ ಕೂಡ ಇದೇ ಮನೆಯದು. ಅಲ್ಲಿಯೂ ‘ವುಡ್ ಹ್ಯಾವ್’ ಸಲ್ಲದು.

ರೂಪದ ಸಣ್ಣ ದೋಷಗಳು

ಜಾಗ ಸರಿಯಿದ್ದರೂ ಕ್ರಿಯಾಪದದ ರೂಪ ಕೆಡುವುದುಂಟು. ‘ಹ್ಯಾಡ್’ನ ನಂತರ ಮೂರನೆಯ ರೂಪವೇ ಬರಬೇಕು: ‘ಹ್ಯಾಡ್ ವೆಂಟ್’ ಅಲ್ಲ, ‘ಹ್ಯಾಡ್ ಗಾನ್’, ‘ಹ್ಯಾಡ್ ಸಾ’ ಅಲ್ಲ, ‘ಹ್ಯಾಡ್ ಸೀನ್’. ಅತಿ ಹೆಚ್ಚು ಜನ ಜಾರುವುದು ‘ಕಮ್, ಕೇಮ್, ಕಮ್’ ಮತ್ತು ‘ರನ್, ರ‍್ಯಾನ್, ರನ್’ ಎಂಬಂಥವುಗಳಲ್ಲಿ, ಏಕೆಂದರೆ ಮೂರನೆಯ ರೂಪ ಮತ್ತೆ ಮೊದಲನೆಯದಕ್ಕೇ ಮರಳುತ್ತದೆ ಎಂಬುದು ಸಹಜವಾಗಿ ತೋರುವುದಿಲ್ಲ. ‘ನೋ ಸೂನರ್’ನಿಂದ ಶುರುವಾಗುವ ವಾಕ್ಯದಲ್ಲಿ ‘ಹ್ಯಾಡ್’ ಕರ್ತೃವಿಗಿಂತ ಮುಂದೆ ಬರುತ್ತದೆ, ನಂತರದ ಕೊಂಡಿ ‘ವೆನ್’ ಅಲ್ಲ, ‘ದ್ಯಾನ್’.

‘ಐ ಹ್ಯಾಡ್ ಬ್ರೇಕ್‌ಫಾಸ್ಟ್ ಅಟ್ ಏಯ್ಟ್’ ಎಂಬಲ್ಲಿರುವುದು ಪಾಸ್ಟ್ ಪರ್ಫೆಕ್ಟ್ ಅಲ್ಲ, ತಿಂಡಿ ತಿಂದೆ ಎಂಬ ಸಾದಾ ಭೂತಕಾಲ. ಅವನು ಬರುವಷ್ಟರಲ್ಲಿ ತಿಂಡಿಯಾಗಿತ್ತು ಎನ್ನಬೇಕಾದರೆ ‘ಐ ಹ್ಯಾಡ್ ಹ್ಯಾಡ್ ಬ್ರೇಕ್‌ಫಾಸ್ಟ್’ ಎಂದು ಎರಡು ಸಲ ಬರೆಯಬೇಕಾಗುತ್ತದೆ. ನೋಡಲು ಅಚ್ಚಿನ ತಪ್ಪಿನಂತಿದ್ದರೂ ಅದು ಸರಿ. ಇನ್ನು ಮಾತಿನಲ್ಲಿ ‘ಹ್ಯಾಡ್’ ಕುಗ್ಗಿ ‘ಹೀಡ್’, ‘ಐಡ್’ ಎಂದಾದಾಗ, ಅದರ ನಂತರದ ಪದವನ್ನು ಕೇಳಿಸಿಕೊಳ್ಳಬೇಕು. ‘ಹೀಡ್ ಗಾನ್’ ಎಂದರೆ ಒಳಗಿರುವುದು ‘ಹ್ಯಾಡ್’, ‘ಹೀಡ್ ಗೋ’ ಎಂದರೆ ‘ವುಡ್’.

ತಿದ್ದಿದ ಪತ್ರ ಹೀಗಾಯಿತು: ‘ಐ ವೆಂಟ್ ಟು ಮೈ ವಿಲೇಜ್ ಆನ್ ಸ್ಯಾಟರ್ಡೇ. ಇಟ್ ಹ್ಯಾಡ್ ಬೀನ್ ರೇನಿಂಗ್ ಫಾರ್ ತ್ರೀ ಡೇಸ್. ವೆನ್ ಐ ರೀಚ್ಡ್ ಹೋಮ್, ಎ ಟ್ರೀ ಹ್ಯಾಡ್ ಫಾಲನ್ ಆನ್ ದ ಲೈನ್ ಅಂಡ್ ದೇರ್ ವಾಸ್ ನೋ ಪವರ್. ಇಫ್ ದೇರ್ ಹ್ಯಾಡ್ ಬೀನ್ ನೆಟ್‌ವರ್ಕ್, ಐ ವುಡ್ ಹ್ಯಾವ್ ಸೆಂಟ್ ಎ ಮೆಸೇಜ್. ಐ ಕಾಲ್ಡ್ ಯು ಫ್ರಮ್ ಹೊಸನಗರ ಆನ್ ಮಂಡೇ.’ ಈಗಲೂ ‘ಹ್ಯಾಡ್’ ಮೂರೇ, ಆದರೆ ಹಳೆಯದರಲ್ಲಿ ಉಳಿದದ್ದು ಮರದ ಮೇಲಿನದೊಂದೇ.

ಮುಂದಿನ ವಾರ ಅವನು ಇನ್ನೊಂದು ಕಾಗದ ತಂದ. ಹೆದರಿಕೆಯಿಂದ ‘ಹ್ಯಾಡ್’ ಎಂಬುದನ್ನೇ ಬಿಟ್ಟುಬಿಟ್ಟಿದ್ದ. ಅದರಲ್ಲೊಂದು ವಾಕ್ಯ: ‘ವೆನ್ ಐ ಕೇಮ್, ದ ಮೀಟಿಂಗ್ ಎಂಡೆಡ್.’ ‘ಏನಪ್ಪಾ, ನೀನು ಬಂದೆ ಅಂತ ಮೀಟಿಂಗ್ ಮುಗಿಸಿಬಿಟ್ಟರಾ?’ ಎಂದು ಕೇಳಿದೆ. ಕಾಗದವನ್ನೊಮ್ಮೆ ನೋಡಿ ನಕ್ಕು, ಪೆನ್ನು ತೆಗೆದುಕೊಂಡು ‘ಎಂಡೆಡ್’ನ ಎಡಕ್ಕೆ ತಾನೇ ಒಂದು ‘ಹ್ಯಾಡ್’ ಸೇರಿಸಿದ.